ಗಾಳೆಪ್ಪ ತೆಗೆದ ಎಂಟು ಸಾವಿರ

ಸಿದ್ದಾಪುರದ ಪತ್ತಿನ ಸೊಸೈಟಿಯ ಜವಾನ ಗಾಳೆಪ್ಪ ಆ ಸೋಮವಾರ ಬಾಗಿಲು ತೆಗೆದವನೇ ತನ್ನ ಖಾತೆಯಿಂದ ಎಂಟು ಸಾವಿರ ತೆಗೆದು ಕಿಸೆಗೆ ಹಾಕಿಕೊಂಡ. ಯಾಕೆಂದು ಯಾರಿಗೂ ಹೇಳಲಿಲ್ಲ. ಹೇಳುವಂಥ ಸಂಗತಿಯೂ ಅದಲ್ಲ. ಹೆಂಡತಿ ದುರ್ಗಾದೇವಿಯಿಂದಲೂ ಮುಚ್ಚಿಟ್ಟಿದ್ದ.

ಅವನ ಗ್ರಹಚಾರಕ್ಕೆ ಅದೇ ದಿನ ಯಾವುದೋ ದೂರದೇಶದ ದೊಡ್ಡ ಬ್ಯಾಂಕೊಂದು ಮುಳುಗಿತು. ಎದುರಿನ ಝೆರಾಕ್ಸ್ ಅಂಗಡಿಯ ರವಿಕುಮಾರ ಮೊಬೈಲ್ ಹಿಡಿದು ಬಂದವರಿಗೆಲ್ಲ ಪಾಠ ಶುರು ಮಾಡಿದ.

"ಅಲ್ಲಿ ಮುಳುಗಿದ್ರ ನಮಗೇನಪಾ?" ಎಂದಳು ಬಳೆ ಅಂಗಡಿಯ ಹಸೀನಾಬೇಗಂ.

"ಹಂಗಲ್ರಿ ಅಕ್ಕಾರ. ಅಲ್ಲಿ ಪೆಟ್ಟು ತಿಂದ ಸಾವುಕಾರ್ರು ಅಂಜಿ, ನಮ್ಮಂಥ ದೇಶದಾಗ ಹಾಕಿದ ರೊಕ್ಕಾನೂ ಕಿತ್ಕೊಂತಾರ. ನಮ್ದೇನೂ ತಪ್ಪಿರಂಗಿಲ್ಲ. ಒಬ್ಬ ತಗದ ಅಂತ ಇನ್ನೊಬ್ಬ ತಗೀತಾನ. ಮೊದ್ಲು ತಗದಾವ ಉಳಕೊಂತಾನ."

ಹಸೀನಾಬೇಗಂ ಎದೆ ಹಿಡಿದುಕೊಂಡಳು. "ಯಾ ಅಲ್ಲಾ! ಗಾಳೆಪ್ಪಣ್ಣ ಮುಂಜಾನೇನ ತಗದಾನ. ನಾನ ಕಣ್ಣಾರೆ ನೋಡೀನಿ!"

ಹನ್ನೊಂದು ಗಂಟೆಗೆ ದುಡ್ಡು ತೆಗೆಯಲು ಸಾಲುಗಟ್ಟಿದವರ ಪಾಳಿ ಸೊಸೈಟಿ ಬಾಗಿಲಿಂದ ಬಸ್ ನಿಲ್ದಾಣ ಮುಟ್ಟಿತು. ಅಕ್ಕಿ ಗಿರಣಿಯ ಹಮಾಲರು ಬಂದರು, ಸ್ವಸಹಾಯ ಸಂಘದ ಹೆಂಗಸರು ಬಂದರು. ಎಲ್ಲರ ಕೈಯಲ್ಲೂ ಪಾಸ್‌ಬುಕ್.

"ಮುಂಜಾನಿಂದ ಒಂದ್ಸಲಾನೂ ಕುಂತಿಲ್ಲ ನೋಡ್ರಿ ಗಾಳೆಪ್ಪ. ಓಡಾಕ ತಯಾರಾಗಿ ನಿಂತಾನ!" ಎಂದ ಒಬ್ಬ ಹಮಾಲ.

"ಸೊಸೈಟಿಗೆ ಏನೂ ಆಗಿಲ್ರೀ!" ಎಂದು ಗಾಳೆಪ್ಪ ಬೆವರೊರೆಸಿಕೊಂಡ.

"ಹಂಗಾರ ನೀ ಯಾಕ ತಗದಿ?"

"ಅದು... ಖರ್ಚಿತ್ತು."

"ಏನ್ ಖರ್ಚು?"

ಗಾಳೆಪ್ಪ ಬಾಯಿ ಮುಚ್ಚಿದ. ಅವನು ಬಾಯಿ ಮುಚ್ಚಿದಷ್ಟೂ ಪಾಳಿ ಬೆಳೆಯಿತು. ಕತ್ತೆತ್ತಿ ನೋಡಿದರೆ ಪಾಳಿಯಲ್ಲಿ ದುರ್ಗಾದೇವಿಯೂ ನಿಂತಿದ್ದಳು, ತನ್ನ ಪಾಸ್‌ಬುಕ್ ಸಮೇತ.

ಮಧ್ಯಾಹ್ನ ಮ್ಯಾನೇಜರ್ ಅಬ್ದುಲರೌಫ ಸಾಹೇಬರು ಅವನನ್ನು ಒಳಗೆ ಎಳೆದುಕೊಂಡರು. "ಇನ್ನರ್ಧ ತಾಸಿಗೆ ರೊಕ್ಕ ಮುಗೀತೈತಿ. ಮುಗೀತಂದ್ರ ಸೊಸೈಟಿ ಖಲಾಸ್, ಹಿಂದ ನಿಂತವರ ಗಂಟೂ ಖಲಾಸ್. ಯಾಕ ತಗದಿ ಅಂತ ಹೇಳಿಬಿಡೋ ಮಾರಾಯಾ!"

ಹೊರಗೆ ಪಾಳಿಯ ತುದಿಯಲ್ಲಿ ಮುದಕಮ್ಮ ಸೆರಗಿನಲ್ಲಿ ಪಾಸ್‌ಬುಕ್ ಸುತ್ತಿಕೊಂಡು ನಿಂತಿದ್ದಳು. ಹದಿನೈದು ವರ್ಷ ಸೊಪ್ಪು ಮಾರಿ ಇಟ್ಟ ದುಡ್ಡು ಅವಳದು. ಅವಳನ್ನು ನೋಡಿ ಗಾಳೆಪ್ಪನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೆಟ್ಟಿಲ ಮೇಲೆ ನಿಂತು, ಕಣ್ಣು ಮುಚ್ಚಿ, ಕೂಗಿಬಿಟ್ಟ:

"ನನಗ ಮೂಲವ್ಯಾಧಿ ಐತ್ರೀ! ಕುಂದ್ರಾಕ ಬರಂಗಿಲ್ಲ! ಗಂಗಾವತ್ಯಾಗ ಆಪರೇಶನ್ ಮಾಡಿಸ್ಕೊಳ್ಳಾಕ ತಗದೀನಿ!"

ಬೀದಿಯಲ್ಲಿ ಎದ್ದ ನಗು ಕಾಲುವೆ ದಂಡೆಯವರೆಗೆ ಕೇಳಿಸಿರಬೇಕು. ಹಮಾಲರು ಹೊಟ್ಟೆ ಹಿಡಿದುಕೊಂಡು ಚದುರಿದರು. ಹಸೀನಾಬೇಗಂ ತೆಗೆದಿದ್ದ ದುಡ್ಡನ್ನು ಮರಳಿ ಕಟ್ಟಿದಳು. ದುರ್ಗಾದೇವಿ ಮುಖಕ್ಕೆ ಸೆರಗು ಎಳೆದುಕೊಂಡು ಮನೆಯ ದಾರಿ ಹಿಡಿದಳು. ಸೊಸೈಟಿ ಉಳಿಯಿತು, ಗಾಳೆಪ್ಪನ ಮಾನ ಉಳಿಯಲಿಲ್ಲ. ಭೂಮಿ ಬಾಯಿಬಿಡಬಾರದೇ ಅನಿಸಿತು ಅವನಿಗೆ. ಆದರೂ ಒಂದು ಸಮಾಧಾನ, ಆಗುವ ಅವಮಾನವೆಲ್ಲ ಆಗಿ ಮುಗಿದಿತ್ತು.

ಅಷ್ಟರಲ್ಲಿ ಮ್ಯಾನೇಜರರ ಫೋನ್ ಬಡಿದುಕೊಂಡಿತು. ಮಾತಾಡಿ ಇಟ್ಟವರು ಎಂದೂ ಇಲ್ಲದ ಅಕ್ಕರೆಯಿಂದ ಗಾಳೆಪ್ಪನ ಹೆಗಲ ಮೇಲೆ ಕೈ ಹಾಕಿದರು.

"ನಮ್ಮ ಪಾಳಿ ವಿಡಿಯೋ ಊರೂರಿಗೆ ಹೋಗೇತಪಾ. ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಮ್ಮ ಸೊಸೈಟಿಯ ಎಲ್ಲಾ ಬ್ರಾಂಚಿನ್ಯಾಗೂ ಮಂದಿ ಪಾಳಿ ಹಚ್ಚ್ಯಾರ. ಜೀಪ್ ತರಿಸೀನಿ, ನಡಿ."

"ಅಲ್ಲಿ ನಾ ಬಂದು ಏನ್ ಮಾಡ್ಲಿ ಸಾಹೇಬ್ರ?"

"ಇಲ್ಲಿ ಹೇಳಿದ್ದನ್ನ ಅಲ್ಲೂ ಹೇಳು. ಮತ್ತ ಯಲಬುರ್ಗಾದವರು ಬರೀ ಬಾಯಿಮಾತು ನಂಬಂಗಿಲ್ಲಂತ. ಡಾಕ್ಟರ್ ಚೀಟಿ ಇದ್ರ ಸಂಗಡ ತಗೋ, ನೋಟಿಸ್ ಬೋರ್ಡಿಗೆ ಹಚ್ಚೋಣು."