ಪೌಡರ್ ಡಬ್ಬಿಯಲ್ಲಿದ್ದ ಕಲ್ಲು

ಮಾಸ್ತರನಾದವನು ಶಾಲೆಯಲ್ಲಿ ಆಡಿದ ಮಾತು ಮಕ್ಕಳ ತಲೆಯಲ್ಲಿ ನಿಲ್ಲುವುದಿಲ್ಲ. ನೆಟ್ಟಗೆ ಅವರ ಮನೆಗೆ ಹೋಗುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಬಬಲೇಶ್ವರದಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ. ತಿಕೋಟಾದ ಒಂದು ಕನ್ಯೆಯ ಮಾತು ನಡೆದಿತ್ತು. ಆ ಮನೆಯವರು, ಹುಡುಗ ಹೇಗೆ ಏನು ಎಂದು ಬಬಲೇಶ್ವರದಲ್ಲಿ ಕಂಡಕಂಡವರನ್ನೆಲ್ಲ ವಿಚಾರಿಸುತ್ತಿದ್ದರು.

"ಅವರು ಹೂಂ ಅನ್ನೂತನಕ ಬಾಯಿ ಬಿಗಿಹಿಡದು ಮಾತಾಡಪಾ" ಎಂದು ಅವ್ವ ತಾಕೀತು ಮಾಡಿದ್ದಳು. ಅದೇ ವಾರ ಖನಿಜಗಳ ಪಾಠ ಬಂತು.

೧. ಹೊಲದ ಕಲ್ಲು

ಖನಿಜಗಳಲ್ಲೆಲ್ಲ ಮೆತ್ತಗಿನದು ಬಳಪದ ಕಲ್ಲು, ಅದನ್ನು ನುಣ್ಣಗೆ ಅರೆದು ಸುವಾಸನೆ ಬೆರೆಸಿದರೆ ಮುಖಕ್ಕೆ ಹಚ್ಚುವ ಪೌಡರ್. ಇಷ್ಟೇ ನಾನು ಹೇಳಿದ್ದು. ಮರುದಿನ ಸಾರವಾಡದ ರೈತರೊಬ್ಬರು ಮಗಳ ಪೌಡರ್ ಡಬ್ಬಿ ಹಿಡಿದು ಶಾಲೆಗೇ ಬಂದರು.

"ಮಾಸ್ತರ್ರ, ಇದರಾಗ ಕಲ್ಲು ಎಲ್ಲೈತಿ, ತೋರಸ್ರಿ."

"ಇದರಾಗ ಇರೂದೆಲ್ಲಾ ಕಲ್ಲೇರಿ."

ಅವರು ಅಂಗೈಗೆ ಒಂದಿಷ್ಟು ಸುರುವಿಕೊಂಡರು, ಮೂಸಿದರು, ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹುಟ್ಟಿದಾಗಿಂದ ಹೊಲದಾಗಿನ ಕಲ್ಲು ಆರಸಾಕತ್ತೇನ್ರಿ. ಒಂದ ಕಲ್ಲರೆ ಘಮ್ಮ ಅಂದಿಲ್ಲ."

೨. ಹಸನು ಮಾಡಿದ ಪೌಡರ್

ಬಸ್ ನಿಲ್ದಾಣದ ಹತ್ತಿರ ಒಬ್ಬ ಸಾಹೇಬರ ಅಂಗಡಿ. ಬಳೆ, ಬಾಚಣಿಗೆ, ಶಾಯಿ, ಪೌಡರ್ ಎಲ್ಲ ಅಲ್ಲೇ. ನಾನು ಶಾಯಿ ಕೊಳ್ಳಲು ಹೋದಾಗ ಒಬ್ಬ ಹೆಣ್ಣುಮಗಳು ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. ಪೌಡರಿನಲ್ಲಿ ಕಲ್ಲಿದೆ ಎಂದು ಮಗ ಶಾಲೆಯಿಂದ ಬಂದು ಹೇಳಿದ್ದ. ದಿನಾ ಜೋಳ ಹಸನು ಮಾಡುವ ಕೈ. ಡಬ್ಬಿಯನ್ನು ಮೊರಕ್ಕೆ ಸುರುವಿ, ಅಂಗಳದಲ್ಲಿ ಕೂತು ಕೇರಿದ್ದಳು.

"ಹರಳು ಸಿಕ್ಕುವೇನ್ರಿ ಯಕ್ಕಾ?" ಸಾಹೇಬರಿಗೆ ಗಾಬರಿ.

"ಒಂದೂ ಇಲ್ರಿ. ಈಗ ಪೌಡರೂ ಇಲ್ಲ. ನಮ್ಮ ಎಮ್ಮಿ ಬೆಳ್ಳಗಾಗೇತಿ. ಆ ಮಾಸ್ತರ್ ಬರೇ ಸುಳ್ಳ ಹೇಳ್ತಾನ್ರಿ!"

ಅವಳು ಹೋದ ಮೇಲೆ ಸಾಹೇಬರು ಶಾಯಿ ಬಾಟಲಿ ಕಟ್ಟುತ್ತ, ದನಿ ತಗ್ಗಿಸಿ ಕೇಳಿದರು:

"ಮಾಸ್ತರ್ರ, ಮುಂದಿನ ಪಾಠದಾಗ ಸಾಬಾಣ ಬರತೈತೇನ್ರಿ? ಬರೂದಿದ್ರ ಈಗ ಹೇಳಿಬಿಡ್ರಿ, ನಾ ಮಾಲು ತರಸೂದಿಲ್ಲ."

೩. ಚರಿಗೆ ನೀರು

ಕನ್ಯೆ ನೋಡುವ ದಿನ ಬಂತು. ಪೌಡರಿನ ಸುದ್ದಿ ನಮಗಿಂತ ಮೊದಲಿನ ಬಸ್ಸಿಗೇ ತಿಕೋಟಾ ಮುಟ್ಟಿತ್ತು. ಅದು ನಮಗೆ ತಿಳಿಯದು. ವಿಜಾಪುರದಲ್ಲಿ ಬಸ್ಸು ಬದಲಿಸುವಾಗ ಅವ್ವ, "ಕಲ್ಲರೆ ಇರಲಿ, ಮಣ್ಣರೆ ಇರಲಿ, ಹಚ್ಚಕೋ" ಎಂದು ನನ್ನ ಮುಖಕ್ಕೆ ಧಾರಾಳವಾಗಿ ಪೌಡರ್ ಬಳಿದಳು.

ಕನ್ಯೆಯ ಮನೆ ಮುಟ್ಟಿ, ಕಾಲು ತೊಳೆಯಲೆಂದು ಚರಿಗೆ ಎತ್ತಿದೆ. ಹುಡುಗಿಯ ಅಜ್ಜಿ ಕೈ ಅಡ್ಡ ಹಿಡಿದಳು.

"ಕಾಲು ಇರಲಿ ಬಿಡ್ರಿ. ಮೊದಲ ಮಾರಿ ತೊಳಕೋರಿ. ಕಲ್ಲಿನ ಬುಡಕ ಏನೈತಿ ನೋಡೂಣು."

ತೊಳೆದುಕೊಂಡೆ. ಅಜ್ಜಿ ನನ್ನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಒಳಗೆ ಹೋಗಿ ಕುಳಿತೆವು. ಹುಡುಗಿಯೂ ಪೌಡರಿಲ್ಲದ ಮುಖದಲ್ಲೇ ಬಂದು ಕುಳಿತಳು. ನಮ್ಮ ಕಡೆಯಿಂದ ಯಾರಾದರೂ ಏನಾದರೂ ಕೇಳುವ ಮೊದಲೇ ಅಜ್ಜಿ ನನ್ನನ್ನು ಕೇಳಿದಳು:

"ಅಲ್ರಿ ಮಾಸ್ತರ್ರ, ಕುಂಕುಮ ಯಾತರಲೇ ಮಾಡ್ತಾರ?"

ಅರಿಷಿಣ, ಸುಣ್ಣ, ಅವೆರಡೂ ಕೂಡಿದರೆ ಬಣ್ಣ ಯಾಕೆ ಬದಲಾಗುತ್ತದೆ ಎಂಬುದೂ ಸೇರಿ ಪೂರ್ತಿ ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವ್ವ ನನ್ನ ಕಾಲು ತುಳಿದಳು. ತಲೆ ತಗ್ಗಿಸಿ ಕುಳಿತಿದ್ದ ಹುಡುಗಿ, ಬೇರೆ ಯಾರಿಗೂ ಕಾಣದಂತೆ, ಬೇಡವೆಂದು ತಲೆ ಅಲ್ಲಾಡಿಸಿದಳು.

"ನನಗ ಗೊತ್ತಿಲ್ರಿ ಆಯಿ" ಎಂದೆ.

ಅಜ್ಜಿ ಮೊದಲ ಸಲ ನಕ್ಕು, ಅಡುಗೆಮನೆಯ ಕಡೆ ಕೂಗಿದಳು:

"ಸಕ್ಕರಿ ತರ್ರೇ! ಹುಡುಗ ಸಂಸಾರ ಮಾಡ್ತಾನ."