ನಮ್ಮ ಓಣಿಯ ಆಸ್ಪತ್ರೆ ಚೀಟಿ

ಜಡ್ಡು ಬರುವುದು ಯಾರ ಕೈಯಲ್ಲೂ ಇಲ್ಲ, ಒಪ್ಪುತ್ತೇನೆ. ಆದರೆ ಬಂದ ಜಡ್ಡನ್ನು ನಾಲ್ಕು ಜನರ ಮುಂದೆ ತೋರಿಸಿಕೊಳ್ಳುವುದಕ್ಕೆ ಬೇರೆಯದೇ ತಾಕತ್ತು ಬೇಕು. ಅದು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಅದಿರು ಲಾರಿಗಳಿಗೆ ಪಂಕ್ಚರ್ ಹಾಕುತ್ತೇನೆ. ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಟ್ಯೂಬಿಗೆ ತೂತು ಬಿದ್ದರೆ ನೀರಿನಲ್ಲಿ ಮುಳುಗಿಸಿದರೆ ಸಾಕು, ಎಲ್ಲಿ ನೋವು ಅಂತ ಗುಳ್ಳೆ ಬಿಟ್ಟು ಅದೇ ಹೇಳುತ್ತದೆ. ನಮ್ಮ ಅವ್ವನನ್ನು ಹಾಗೆ ಮುಳುಗಿಸಲು ಆಗುವುದಿಲ್ಲವಲ್ಲ, ನನ್ನ ಗೋಳು ಅಲ್ಲಿಂದಲೇ ಶುರು.

ಅವ್ವನ ಪಿತ್ತಕೋಶದಲ್ಲಿ ಕಲ್ಲಿದೆ. ನೋವು ಬಂದರೆ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗುತ್ತಾಳೆ. ಆಪರೇಷನ್ ಜಲ್ದಿ ಮಾಡಿಸಿ ಎಂದು ಡಾಕ್ಟರು ಹೇಳಿದ್ದಾರೆ. ಸರ್ಕಾರದ ಆರೋಗ್ಯ ಕಾರ್ಡು ಮಾಡಿಸೋಣವೆಂದರೆ ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಒಂದು, ಆಧಾರಿನಲ್ಲಿ ಇನ್ನೊಂದು. ತಿದ್ದಿಸಲು ಹೋದಾಗಲೆಲ್ಲ ಸರ್ವರ್ ಇರುವುದಿಲ್ಲ. ಆ ಸರ್ವರಿಗೆ ನಮ್ಮ ಅವ್ವನಿಗಿಂತ ದೊಡ್ಡ ಜಡ್ಡು ಇರಬೇಕು. ಪ್ರೈವೇಟಿಗೆ ಹೋಗುವಷ್ಟು ದುಡ್ಡು ನಮ್ಮಲ್ಲಿಲ್ಲ. ಉಳಿದದ್ದು ಒಂದೇ ದಾರಿ, ನಮ್ಮ ಚಿತ್ತವಾಡ್ಗಿ ಓಣಿಯ ಆಸ್ಪತ್ರೆ ಚೀಟಿ.

ಈ ಚೀಟಿ ಕಟ್ಟಿದ್ದು ಕಿರಾಣಿ ಅಂಗಡಿಯ ಪಂಪಣ್ಣ. ಬೇರೆ ಚೀಟಿಗಳ ಹಾಗೆ ಇದರಲ್ಲಿ ಸವಾಲು ಕೂಗುವುದಿಲ್ಲ. ತಿಂಗಳಿಗೊಮ್ಮೆ ಎಲ್ಲರೂ ಹಣ ಹಾಕುತ್ತೇವೆ, ಯಾರ ಮನೆಯಲ್ಲಿ ಜಡ್ಡು ಜಾಸ್ತಿಯೋ ಅವರಿಗೆ ಗಂಟು. ಕೇಳಲು ಚೆನ್ನಾಗಿದೆ. ಆದರೆ ಚೀಟಿ ಶುರುವಾದ ತಿಂಗಳೇ ಓಣಿಯ ಆರೋಗ್ಯ ಕೆಟ್ಟು ಹೋಯಿತು. ಅಲ್ಲಿಯವರೆಗೆ ನೆಗಡಿಗೂ ಮಾತ್ರೆ ನುಂಗದ ಗಂಡಸರು ಎದೆ ಹಿಡಿದುಕೊಂಡು ಓಡಾಡತೊಡಗಿದರು. ಯಾರ ಮನೆಗೆ ಹೋದರೂ ಒಂದು ರಿಪೋರ್ಟು. ಕೊನೆಗೆ ಪಂಪಣ್ಣ, "ಕಾಗದ ನೋಡಿ ಕೊಡಾದು ಬ್ಯಾಡ. ಮನಿಗೇ ಹೋಗಿ ಮನಿಷ್ಯಾರನ್ನ ನೋಡಾಣು" ಎಂದ. ನನಗೂ ಅದು ಸರಿಯೆನಿಸಿತು. ಎಷ್ಟಾದರೂ ನಾನು ಗುಳ್ಳೆ ನೋಡಿ ನಂಬುವವನು.

ಈ ತಿಂಗಳು ಗಂಟಿಗೆ ಉಳಿದಿದ್ದವರು ಇಬ್ಬರೇ. ನಮ್ಮ ಅವ್ವ ಮತ್ತು ಆಟೋ ಹನುಮಂತ. ಹನುಮಂತನಿಗೆ ಮೂಲವ್ಯಾಧಿ. ಪಂಪಣ್ಣ ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಮೊದಲು ಅವನ ಮನೆಗೆ ಹೋದ. ನಾನೂ ಹಿಂದೆ ಹೋದೆ. ಹನುಮಂತ ತಲೆಗೆ ಟವೆಲ್ ಕಟ್ಟಿಕೊಂಡು ಬೋರಲು ಮಲಗಿದ್ದ. ನಾವು ಹೊಸ್ತಿಲು ದಾಟುವುದರೊಳಗೆ, "ಯವ್ವಾ, ಸತ್ನೆವ್ವೋ" ಎಂದು ಶುರು ಮಾಡಿದ. ತೊಲೆಯ ಮೇಲಿನ ಗುಬ್ಬಿ ಹಾರಿ ಹೋಯಿತು.

"ಭಾಳ ತ್ರಾಸು ಐತೇನಪಾ?" ಎಂದು ಪಂಪಣ್ಣ ಕೇಳಿದ.

"ಬಾಯಿಲೆ ಹೇಳಾಕ ಆಗಂಗಿಲ್ಲಣ್ಣ. ಕಣ್ಣಿಲೇ ನೋಡಿಬಿಡ್ರಿ" ಎಂದು ಹನುಮಂತ ಲುಂಗಿಗೆ ಕೈ ಹಾಕಿದ.

ಹಿರಿಯರು ಮೂವರೂ ಒಟ್ಟಿಗೆ ಎದ್ದರು. "ಬ್ಯಾಡ ಬ್ಯಾಡ! ನಂಬಿದ್ವಿ ಬಿಡಪಾ!"

ಅಲ್ಲಿಂದ ನಮ್ಮ ಮನೆಗೆ. ಅವ್ವನಿಗೆ ಬೆಳಿಗ್ಗೆಯೇ ತಾಕೀತು ಮಾಡಿದ್ದೆ, ಚಾಪೆ ಬಿಟ್ಟು ಏಳಬೇಡ ಎಂದು. ನಾಟಕ ಮಾಡು ಎಂದೇನೂ ಹೇಳಿರಲಿಲ್ಲ. ಇರುವ ನೋವನ್ನು ಇದ್ದ ಹಾಗೆ ತೋರಿಸಿದರೆ ಸಾಕಿತ್ತು. ಆದರೆ ಚಪ್ಪಲಿ ಬಿಡುವ ಸಪ್ಪಳ ಕೇಳಿದ್ದೇ ತಡ, ಅವ್ವ ಎದ್ದು ತಲೆಯ ಮೇಲೆ ಸೆರಗು ಹೊದ್ದು ಅದೇ ಚಾಪೆಯನ್ನು ಝಾಡಿಸಿ ಅವರಿಗೆ ಹಾಸಿದಳು.

"ಬರ್ರಿ, ಕುಂದ್ರಿ. ಎಷ್ಟು ದಿನ ಆತು ನಮ್ಮನಿ ಕಡಿ ಬಂದು."

"ಹೆಂಗದೀ ಯಕ್ಕಾ?"

"ನನಗೇನಾಗೇತ್ರಿ? ಆರಾಮದೀನಿ. ನಿಮ್ಮನ್ಯಾಗ ಎಲ್ಲಾರೂ ಆರಾಮಾ?"

ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಅವಳು ನನ್ನ ಕೆಮ್ಮಿಗೆ ಕಷಾಯ ಮಾಡಲು ಒಳಗೆ ಹೋದಳು! ಹೋದವಳು ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ ಎಲ್ಲ ತಂದಿಟ್ಟಳು. ನಾನು ತಡೆಯಲಾರದೆ, "ಆಕಿಗೆ ಕುಂತರ ಏಳಾಕಾಗಲ್ರೀ, ರಾತ್ರಿಯೆಲ್ಲ ಒದ್ದಾಡ್ತಾಳ" ಎಂದೆ. ಅವ್ವ ನಕ್ಕು, "ಇಂವ ಹಿಂಗ ನೋಡ್ರಿ, ಸಣ್ಣದು ದೊಡ್ಡದು ಮಾಡ್ತಾನ. ಇನ್ನೊಂದು ಮಿರ್ಚಿ ಹಾಕ್ಕೊಳ್ರಿ" ಎಂದಳು. ಪಂಪಣ್ಣ ಮಿರ್ಚಿ ಕಡಿಯುತ್ತಾ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಸುಳ್ಳು ರಿಪೋರ್ಟು ತಂದವರನ್ನು ಅವನು ನೋಡುತ್ತಿದ್ದುದು ಹಾಗೆಯೇ.

ಗಂಟು ಹನುಮಂತನಿಗೆ ಹೋಯಿತು. ಹಿರಿಯರು ಓಣಿಯ ತಿರುವು ದಾಟಿದ್ದೇ ಅವ್ವ ಒಲೆಯ ಪಕ್ಕ ಮುದ್ದೆಯಾಗಿ ಬಿದ್ದುಕೊಂಡಳು. ಹಣೆಯ ತುಂಬಾ ಬೆವರು.

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತಬೇ ನಿನಗ?"

"ಮನಿಗೆ ಬಂದವ್ರ ಮುಂದ ನರಳಬೇಕೇನಲೇ? ಅವ್ರೇನು ಡಾಕ್ಟರೇನು?"

ಇಷ್ಟಕ್ಕೇ ಮುಗಿಯಲಿಲ್ಲ. ಹನುಮಂತನ ಆಪರೇಷನ್ ಆಯಿತು, ಅವನನ್ನು ಮಾತಾಡಿಸಿಕೊಂಡು ಬರಬೇಕೆಂದು ಅವ್ವ ಹಟ ಹಿಡಿದಳು. ಓಣಿಯವರೆಲ್ಲ ಹೋಗಿದ್ದಾರೆ, ನಾವು ಹೋಗದಿದ್ದರೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾರಂತೆ. ಹೊಟ್ಟೆಯಲ್ಲಿ ಕಲ್ಲೇ ಇದೆ, ಕಿಚ್ಚಿಗೆ ಜಾಗವೆಲ್ಲಿ? ಬ್ರೆಡ್ಡು, ಬಾಳೆಹಣ್ಣಿನ ಚೀಲ ಹೊತ್ತು ಹಿಂದೆ ಹೋದೆ. ವಾರ್ಡಿನಲ್ಲಿ ಪಂಪಣ್ಣನೂ ಇದ್ದ. ಹನುಮಂತ ಮಗ್ಗುಲಾಗಿ ಮಲಗಿ ಮೊಬೈಲ್ ನೋಡುತ್ತಾ ನಗುತ್ತಿದ್ದ. ಅವ್ವ ಮಂಚದ ಕಂಬಿ ಹಿಡಿದು, "ಜ್ವಾಪಾನಪಾ, ಭಾರ ಎತ್ತಬ್ಯಾಡ" ಎನ್ನುತ್ತಾ ಎನ್ನುತ್ತಾ ಬಿಳುಚಿಕೊಂಡು ಕುಸಿದು ಸ್ಟೂಲಿನ ಮೇಲೆ ಕೂತಳು. ಆಗಷ್ಟೇ ಡ್ಯೂಟಿಗೆ ಬಂದ ನರ್ಸಮ್ಮ ಅವಳನ್ನು ನೋಡಿ ಹನುಮಂತನನ್ನು ಗದರಿಸಿದಳು: "ಏಯ್, ಏಳಪ್ಪ ಮ್ಯಾಲೆ! ಪೇಷಂಟನ್ನ ಸ್ಟೂಲಿನ ಮ್ಯಾಲ ಕುಂದ್ರಿಸಿ ನೀ ಮಲಗೀಯಲ್ಲ!"

ಪಂಪಣ್ಣ ಅವ್ವನನ್ನೇ ನೋಡುತ್ತಿದ್ದ. ನರ್ಸಮ್ಮ ನನ್ನ ಕಡೆ ತಿರುಗಿ, "ಏನಾಗೇತಿ ಈಕಿಗೆ?" ಎಂದು ಕೇಳಿದಳು. ಅಷ್ಟು ದಿನದಿಂದ ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದ ಮಾತು. ಹೇಳಬೇಕಾದವರೆಲ್ಲ ಎದುರಿಗೇ ಇದ್ದರು. ಆದರೆ ಇನ್ನೊಬ್ಬನ ಮಂಚದ ಪಕ್ಕ ಅವನಿಗೆಂದು ತಂದ ಬಾಳೆಹಣ್ಣು ಹಿಡಿದು ನಿಂತು, ನಮ್ಮ ಜಡ್ಡು ಇವನದಕ್ಕಿಂತ ದೊಡ್ಡದು ಎಂದು ಹೇಗೆ ಹೇಳುವುದು?

"ಏನಿಲ್ಲ ಸಿಸ್ಟರ್" ಎಂದೆ. "ಬಿಸಲಾಗ ನಡಕೊಂತ ಬಂದಾಳ, ಅಷ್ಟ."

ಪಂಪಣ್ಣ ಹಗುರಾಗಿ ಒಂದು ಬಾಳೆಹಣ್ಣು ಸುಲಿದುಕೊಂಡ. ಅವ್ವ ಹೊಟ್ಟೆ ಒತ್ತಿ ಹಿಡಿದುಕೊಂಡೇ ನನ್ನ ಕಡೆ ತಲೆ ಎತ್ತಿದಳು. ಅಂತೂ ಮಗನಿಗೆ ನಾಲ್ಕು ಜನರ ಮುಂದೆ ನಡೆದುಕೊಳ್ಳುವ ರೀತಿ ಬಂತು ಎಂಬ ಸಮಾಧಾನ ಅವಳ ಮುಖದಲ್ಲಿತ್ತು.