ನಮ್ಮ ತಾರಸಿಯ ಆಂಟೆನಾ ಮೇಲೆ ಕೂರುವ ನವಿಲಿನವರ ಸನ್ನಿಧಿಗೆ

ಇವರಿಂದ: ತಿಮ್ಮಪ್ಪ, ನಮ್ಮೂರ ಹಾಲಿನ ಡೇರಿಯ ನಿವೃತ್ತ ಕಾರ್ಯದರ್ಶಿ, ಮಲ್ಲಿಪಟ್ಟಣ ಹೋಬಳಿ, ಅರಕಲಗೂಡು ತಾಲ್ಲೂಕು.

ಇವರಿಗೆ: ಶ್ರೀಯುತ ನವಿಲು, ರಾಷ್ಟ್ರಪಕ್ಷಿ, ಕೆರೆ ಏರಿಯ ಹಿಂದಿನ ಗೋಮಾಳ (ಬೆಳಿಗ್ಗೆ ಮತ್ತು ಸಂಜೆ ಬಿಡಾರ: ನಮ್ಮ ತಾರಸಿ).

ವಿಷಯ: ಡಿಜಿಟಲ್ ರೇಡಿಯೊದ ಹೊರ ಆಂಟೆನಾ ಮೇಲೆ ತಾವು ಕೂರುತ್ತಿದ್ದ ಬಗ್ಗೆ ದೂರು, ಮತ್ತು ಈಗ ಕೂರದಿರುವ ಬಗ್ಗೆ ಅದಕ್ಕಿಂತ ದೊಡ್ಡ ದೂರು.

ಉಲ್ಲೇಖ: ತಾವು ನಮ್ಮ ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಬಿಟ್ಟುಹೋದದ್ದು (ತೊಳೆಯಲಾಗಿದೆ).

ಮಾನ್ಯರೇ,

ಮೊದಲಿಗೆ ತಮಗೆ ನನ್ನ ಹಾಗೂ ನನ್ನ ತಾರಸಿಯ ನಮಸ್ಕಾರಗಳು. ತಮ್ಮ ಕುಟುಂಬವರ್ಗದವರು ಕ್ಷೇಮವೆಂದು ಬಲ್ಲೆ. ಈ ವರ್ಷ ನಮ್ಮ ಮುಸುಕಿನ ಜೋಳದ ಮೊಳಕೆ ಅವರ ಮೈಗೆ ಚೆನ್ನಾಗಿ ಹಿಡಿದಿದೆ ಎಂಬುದು ಹೊಲದ ಕಡೆ ಒಮ್ಮೆ ಕಣ್ಣು ಹಾಯಿಸಿದವರಿಗೆಲ್ಲ ಗೊತ್ತಾಗುತ್ತದೆ. ಬಹುಕಾಲ ಡೇರಿಯ ಕುರ್ಚಿಯಲ್ಲಿ ಕೂತು ನಾನಾ ಕಚೇರಿಗಳಿಗೆ ಪತ್ರ ಬರೆದು ಪಳಗಿದ ಕೈ ನನ್ನದು. ಉತ್ತರ ಬಾರದಿದ್ದರೂ ಬರೆಯುವ ಅಭ್ಯಾಸ ನನಗಿರುವುದರಿಂದ, ಓದು ಬಾರದ ತಮಗೆ ಬರೆಯುವುದರಲ್ಲಿ ಅಂಥ ಕಷ್ಟವೇನೂ ಕಾಣುತ್ತಿಲ್ಲ.

ಸಂಗತಿ ಹೀಗಿದೆ. ನಮ್ಮ ಮನೆಯಾಕೆ ಚಿಕ್ಕಲಕ್ಷ್ಮಮ್ಮ, ಜನರ ನಡುವೆ ನಾಲ್ಕು ಮಾತಾಡು ಎಂದರೆ ಸೆರಗಿನ ತುದಿ ಹಿಡಿದುಕೊಂಡು ನಿಲ್ಲುವವಳು. ಅಂಥವಳ ಮುಂದೆ, ನಮ್ಮೂರ ಮಹಿಳಾ ಸಂಘಕ್ಕೆ ಬಂದಿದ್ದ ಬಾನುಲಿಯವರು ಮೈಕು ಹಿಡಿದು ಎಳೆಗರು ಸಾಕುವುದು ಹೇಗೆಂದು ಕೇಳಿದರಂತೆ. ಆಕೆ ನಿಲ್ಲಿಸದೆ ಹೇಳಿದಳಂತೆ. ಆ ದಿನ ನಾನು ಅರಕಲಗೂಡಿನ ಸಂತೆಯಲ್ಲಿದ್ದೆ. ಸಂಜೆ ಬಂದು, ಏನೇನು ಹೇಳಿದೆ ಎಂದು ವಿಚಾರಿಸಿದರೆ, "ಬಂದಾಗ ಕೇಳ್ಕಳಿ" ಎಂದು ಹುಲ್ಲಿನ ಹೊರೆ ಎತ್ತಿಕೊಂಡು ಕೊಟ್ಟಿಗೆಗೆ ಹೋದಳು. ಕಾರ್ಯಕ್ರಮ ಬರುವ ಗುರುವಾರವನ್ನು ಮಾತ್ರ ಹೊಳೆನರಸೀಪುರದಲ್ಲಿರುವ ಮಗಳು ಆಶಾರಾಣಿಗೂ, ಚನ್ನರಾಯಪಟ್ಟಣದ ಅಣ್ಣನಿಗೂ, ಹಿರೀಸಾವೆಯ ತಂಗಿಗೂ ಫೋನು ಮಾಡಿ ತಿಳಿಸಿದ್ದಳು.

ಇಂಥ ಹೆಂಡತಿಯ ಮಾತನ್ನು ಮೊಬೈಲಿನಲ್ಲಿ ಕೇಳಲು ನನಗೆ ಮನಸ್ಸಾಗಲಿಲ್ಲ. ಮನಸ್ಸು ಮಾಡಿದ್ದರೂ ನಮ್ಮ ಮನೆಯೊಳಗೆ ನೆಟ್‌ವರ್ಕು ಬರುವುದಿಲ್ಲ. ಹಳೆಯ ರೇಡಿಯೊದ ಹೊಟ್ಟೆಯಲ್ಲಿ ಹಲ್ಲಿಯೊಂದು ಸಂಸಾರ ಹೂಡಿತ್ತು. ಹೀಗಾಗಿ ಹಾಸನಕ್ಕೆ ಹೋಗಿ ಒಂದು ಡಿಜಿಟಲ್ ರೇಡಿಯೊ ತಂದೆ. ಅಂಗಡಿಯ ಗೌರೀಶ ಅದನ್ನು ಎರಡೂ ಕೈಯಲ್ಲಿ ಎತ್ತಿ ಕೊಡುತ್ತ, "ಗೊರಗೊರ ಅನ್ನೋ ಮಾತೇ ಇಲ್ಲ ಸಾರ್" ಎಂದ. ಅವನು ಹೇಳಿದ್ದು ಅಕ್ಷರಶಃ ನಿಜ. ಹಳೆಯದು ಗೊರಗುಟ್ಟುತ್ತ, ಕೆಮ್ಮುತ್ತ, ಹೇಗೋ ಹವಾಮಾನ ವರದಿಯನ್ನು ಮನೆಗೆ ತಲುಪಿಸುತ್ತಿತ್ತು. ಈ ಹೊಸಬರಿಗೆ ಅಂಥ ಬಡತನವಿಲ್ಲ. ಸಿಗ್ನಲ್ ಸಾಕಷ್ಟು ಸಿಕ್ಕರೆ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ವಚ್ಛ. ಕೂದಲೆಳೆಯಷ್ಟು ಕಡಿಮೆಯಾದರೆ ಪೂರ್ತಿ ಮೌನ. ನಮ್ಮ ಮನೆಗೆ ಬಂದ ದಿನದಿಂದ ಅದು ಬಹಳ ಸ್ವಚ್ಛವಾಗಿ ಮೌನವಾಗಿತ್ತು.

ಜೊತೆಗೆ ಬಂದ ಪುಸ್ತಕದಲ್ಲಿ, ಸಿಗ್ನಲ್ ಸಿಗದಿದ್ದರೆ ಹೊರ ಆಂಟೆನಾ ಜೋಡಿಸಿಕೊಳ್ಳಿ ಎಂದು ಬರೆದಿತ್ತು. ಚಿತ್ರದಲ್ಲಿ ಬಿಳಿ ಅಂಗಿಯವನೊಬ್ಬ ಮನೆಯ ಮಾಡಿನ ಮೇಲೆ ಆಂಟೆನಾ ನೆಟ್ಟು ಹಲ್ಲು ಕಿರಿಯುತ್ತಿದ್ದ. ಅವನ ಮಾಡಿನ ಮೇಲೆ ನವಿಲಿರಲಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು.

ನಮ್ಮ ತಾರಸಿಯಲ್ಲಿ ಹಿಂದೆ ಟೀವಿ ಆಂಟೆನಾ ಇದ್ದ ಕಬ್ಬಿಣದ ಪೈಪು ಇನ್ನೂ ಇದೆ. ಈಗ ಅದಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದೇವೆ. ಪಂಪ್‌ಸೆಟ್ಟಿನ ಮೋಟಾರು ಕಟ್ಟುವ ಪಾಲಾಕ್ಷ, ವೈರು ಇರುವ ಯಾವ ವಸ್ತುವಿಗೂ ನಮ್ಮೂರಿನ ವೈದ್ಯ. ಅವನೇ ಬಂದು ಪೈಪಿನ ತುದಿಗೆ ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ ಬಿಗಿದು, ಅದರ ಕೇಬಲ್ಲನ್ನು ಕಿಟಕಿಯಿಂದ ಇಳಿಸಿ, ರೇಡಿಯೊದ ಬೆನ್ನಿನ ತೂತಿಗೆ ಸಿಕ್ಕಿಸಿದ. ರೇಡಿಯೊ ತನ್ನ ಮೌನ ಬಿಡಲಿಲ್ಲ. ಪಾಲಾಕ್ಷ ಬಹಳ ಹೊತ್ತು ಯೋಚಿಸಿ, "ಅರ್ತಿಂಗ್ ಒಣಗೈತೆ ಸಾ, ಗುಂಡಿಗೆ ನೀರ್ ಉಯ್ರಿ" ಎಂದ. ಮೋಟಾರು ಓಡದಿದ್ದರೂ, ಫ್ಯಾನು ತಿರುಗದಿದ್ದರೂ ಅವನು ಕೊಡುವ ಮದ್ದು ಇದೊಂದೇ. ನಾನು ಕೊಡಗಟ್ಟಲೆ ಸುರಿದೆ. ಅರ್ಥಿಂಗ್ ಗುಂಡಿಯ ಪಕ್ಕದ ಬಾಳೆಗಿಡ ಒಂದು ಹೊಸ ಸುಳಿ ಬಿಟ್ಟಿತು, ಅಷ್ಟೆ. ಇಷ್ಟೆಲ್ಲ ನೋಡಿದ ಚಿಕ್ಕಲಕ್ಷ್ಮಮ್ಮ, ಊರವರ ಕಣ್ಣೆಲ್ಲ ಆ ಕಂಬದ ಮೇಲೇ ಇದೆಯೆಂದು ದೃಷ್ಟಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಆಂಟೆನಾಕ್ಕೆ ಕಟ್ಟಿಸಿದಳು.

ಅಂಥ ಶುಭಗಳಿಗೆಯಲ್ಲಿ ತಾವು ದಯಮಾಡಿಸಿದಿರಿ.

ಆಂಟೆನಾದ ಉದ್ದ ಕಡ್ಡಿಯ ತುದಿಯೇ ತಮಗೆ ಪೀಠವಾಯಿತು. ದೃಷ್ಟಿಯ ಸರದಲ್ಲಿ ಮೆಣಸಿನಕಾಯಿಗಳನ್ನಷ್ಟೇ ಸ್ವೀಕರಿಸಿ ನಿಂಬೆಹಣ್ಣನ್ನು ನಮಗೆ ಬಿಟ್ಟ ತಮ್ಮ ಔದಾರ್ಯವನ್ನು ಮರೆಯುವಂತಿಲ್ಲ. ಒಣಹಾಕಿದ್ದ ನನ್ನ ಬಿಳಿ ಪಂಚೆಯ ಮೇಲೆ ತಾವು ಒತ್ತಿದ ಮೊಹರು ಯಾವ ಸೋಪಿಗೂ ಹೋಗಿಲ್ಲ. ನಸುಕಿನಲ್ಲಿ ತಾವು ಕೂಗುವ ರಾಗವಂತೂ ನಮ್ಮ ಹಸುಗಳಿಗೆ ಎಷ್ಟು ಹಿಡಿಸಿತೆಂದರೆ, ಅವು ಹಾಲು ಸೊರೆಯುವುದನ್ನೇ ಮರೆತು ಕಿವಿ ನಿಮಿರಿಸಿ ನಿಂತವು. ತಮಗೆ ಒಂದು ಕಲ್ಲು ಬೀರುವಂತಿಲ್ಲ, ಸರ್ಕಾರದ ರಕ್ಷಣೆಯಿದೆ. ನಾನು ಇಷ್ಟು ವರ್ಷ ಡೇರಿ ನಡೆಸಿದರೂ ನನ್ನ ಮೇಲೆ ಕೂಗಾಡಲು ಊರಿನ ಯಾರಿಗೂ ಅಡ್ಡಿಯಿರಲಿಲ್ಲ.

ಆದ್ದರಿಂದ ವಿನಯದ ಮಾರ್ಗವನ್ನೇ ಹಿಡಿದೆ. ಹಳೆಯ ಸೀಡಿಗಳನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟೆ, ಹೊಳಪಿಗೆ ಹೆದರಿ ಹಕ್ಕಿಗಳು ಬರುವುದಿಲ್ಲವಂತೆ. ತಾವು ಅವುಗಳಲ್ಲಿ ಮುಖ ನೋಡಿಕೊಂಡು ಗರಿ ತಿದ್ದಿಕೊಂಡಿರಿ. ಕೊನೆಗೆ ಒಂದು ಬೆಳಿಗ್ಗೆ, ದೀಪಾವಳಿಯಲ್ಲಿ ಉಳಿದಿದ್ದ ಪಟಾಕಿಯನ್ನು ತಾರಸಿಯ ಮೂಲೆಯಲ್ಲಿ, ತಮ್ಮಿಂದ ಸಾಕಷ್ಟು ದೂರದಲ್ಲಿ, ಕೇವಲ ಗೌರವಸೂಚಕವಾಗಿ ಹಚ್ಚಿದೆ. ಅದು ಢಮಾರ್ ಎಂದಿತು. ತಾವು ಬಾಲವನ್ನೆಲ್ಲ ಎಳೆದುಕೊಂಡು ಗೋಮಾಳದ ಕಡೆ ಹಾರಿದಿರಿ. ಅದೇ ಕ್ಷಣದಲ್ಲಿ ಕೆಳಗಿನಿಂದ ಚಿಕ್ಕಲಕ್ಷ್ಮಮ್ಮನ ಕೂಗು ಕೇಳಿತು: "ಯಾಕ್ರೀ ನಿಲ್ಸುದ್ರಿ? ಎಷ್ಟ್ ಚೆಂದಾಗ್ ಬತ್ತಿತ್ತು, ಆಲೂಗಡ್ಡೆ ರೇಟ್ ಏಳ್ತಿದ್ರು!"

ಮಾನ್ಯರೇ, ಮೂಕವೆಂದು ನಾವು ಹಾಕುವುದನ್ನೇ ಬಿಟ್ಟಿದ್ದ ರೇಡಿಯೊವನ್ನು ಆಕೆ ಅಂದು ಸುಮ್ಮನೆ ಹಾಕಿ ನೋಡಿದ್ದಳಂತೆ. ರೇಡಿಯೊ ಮಾತಾಡುತ್ತಿದ್ದುದು ತಾವು ಕೂತದ್ದರಿಂದ! ನಾವು ಅರ್ಥಿಂಗ್ ಗುಂಡಿಗೆ ಸುರಿದ ನೀರಿಗಾಗಲಿ, ಪುಸ್ತಕದ ಬಿಳಿ ಅಂಗಿಯವನಿಗಾಗಲಿ ಸಾಧ್ಯವಾಗದ್ದನ್ನು ತಾವು ಎರಡು ಕಾಲೂರಿ ಸಾಧಿಸಿದ್ದಿರಿ. ತಾವು ಕೂತಾಗ ವಾಲುತ್ತಿದ್ದಷ್ಟೇ ಕಡ್ಡಿಯನ್ನು ವಾಲಿಸಿ ನಟ್ಟು ಬಿಗಿದೆವು, ಬರಲಿಲ್ಲ. ಮರಳು ತುಂಬಿದ ಚೀಲ ಕಟ್ಟಿದೆವು. ಗಾಳಿಗೆ ತೂಗಾಡಿ ಅರ್ಧ ಮಾತು, ಅರ್ಧ ಮೌನ. ಬೇಕಾದದ್ದು ಕಡ್ಡಿಗೆ ತಾಗಿಕೊಂಡು ಅಲುಗದೆ ಇರುವ ಒಂದು ಜೀವ. ತಾರಸಿಯ ಮೇಲೆ ರಾಗಿ ಚೆಲ್ಲಿದೆ, ಕಡಲೆಕಾಯಿ ಚೆಲ್ಲಿದೆ, ಬುಟ್ಟಿ ತುಂಬ ಮೆಣಸಿನಕಾಯಿ ಇಟ್ಟೆ. ಊರಿನ ಪಾರಿವಾಳಗಳೆಲ್ಲ ಬಂದು ಉಂಡು ಹೋದವು. ತಾವು ಮುನಿಸಿಕೊಂಡಿರಿ.

ಗುರುವಾರ ಬಂತು. ಮೋಡವಿಲ್ಲದ ಸಂಜೆ. ಮಗಳು ಬಂದಳು, ಚನ್ನರಾಯಪಟ್ಟಣದ ಭಾವ ಬಂದ, ನೆರೆಮನೆಯ ಪರಮೇಶ್ ಸಂಸಾರಸಮೇತ ಬಂದ. ಪಾಲಾಕ್ಷನಂತೂ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ರೇಡಿಯೊದ ಪಕ್ಕದ ಕುರ್ಚಿಯನ್ನೇ ಹಿಡಿದ. ಚಿಕ್ಕಲಕ್ಷ್ಮಮ್ಮ ಮದುವೆಗೆ ಉಡುವ ಸೀರೆ ಉಟ್ಟು, ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. ರೇಡಿಯೊ ಮೌನ. ಅವಳ ಮುಖ ನೋಡಲಾಗದೆ ನಾನು ತಾರಸಿಗೆ ಓಡಿ, ಸ್ಟೂಲು ಹಾಕಿ, ತಾವು ಕೂರುವ ಕಡ್ಡಿಯ ತುದಿಯನ್ನು ಕೈಯಲ್ಲಿ ಹಿಡಿದೆ. ಕೆಳಗೆ "ಬಂತು! ಬಂತು!" ಎಂದು ಇಡೀ ಮನೆ ಕಿರುಚಿತು.

ಅಂದು ತಮ್ಮ ಹುದ್ದೆಯ ಭಾರ ಎಷ್ಟೆಂದು ನನಗೆ ಅರಿವಾಯಿತು. ಕೈ ಬದಲಿಸಲೆಂದು ಒಮ್ಮೆ ಬಿಟ್ಟರೆ, "ಬಿಡ್‌ಬ್ಯಾಡಿ, ಬಿಡ್‌ಬ್ಯಾಡಿ!" ಎಂಬ ಕೂಗು. ಯಾರಾದರೂ ಬಂದು ಹಿಡಿದುಕೊಳ್ಳಿರಪ್ಪಾ ಎಂದರೆ, "ಇನ್ನೇನ್ ಮುಗೀತು, ಇರಿ ಮಾವ" ಎಂದ ಪರಮೇಶ್. ಸೊಳ್ಳೆ ಬರುತ್ತದೆಂದು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದ್ದರು. ಹೆಂಡತಿಯ ಮಾತು ಆಕಾಶದಿಂದ ಬಂದು, ನನ್ನ ಕೈಯನ್ನೇ ದಾಟಿ, ಕೆಳಗಿನ ಮನೆಯಲ್ಲಿ ಕೇಳಿಸುತ್ತಿತ್ತು. ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಕೇಳಿಸಿದ್ದು ಜನರ ನಗು. ಒಮ್ಮೆ ಎಲ್ಲರೂ ಗೊಳ್ಳೆಂದರು, ಆಮೇಲೆ ಇದ್ದಕ್ಕಿದ್ದಂತೆ ಎಲ್ಲರೂ ಸುಮ್ಮನಾದರು. ನಗುವಿಗಿಂತ ಆ ಸುಮ್ಮನಿದ್ದದ್ದೇ ನನ್ನನ್ನು ಕೊರೆಯಿತು. ತಾವು ಆ ಹೊತ್ತಿಗೆ ಪರಮೇಶನ ನೀರಿನ ಟ್ಯಾಂಕಿನ ಮೇಲೆ ಬಂದು ಕೂತು, ಕತ್ತು ಓರೆ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಿರಿ. ಅದನ್ನು ನಾನು ಮರೆತಿಲ್ಲ.

ಅಂದಿನಿಂದ ನನ್ನ ಪಾಡು ಕೇಳಬೇಡಿ. ನಾನು ಊರಿನಲ್ಲಿ ನಡೆದರೆ ಜನ ಮುಸಿಮುಸಿ ನಗುತ್ತಾರೆ. ಪಾಲಾಕ್ಷನನ್ನು ಅಡ್ಡಗಟ್ಟಿ ಕೇಳಿದೆ. "ನಿಮ್ ವಿಚಾರ ಬಂತು ಕಣ್ ಸಾ. ಯಜಮಾನ್ರು ಅಸ ಕರ ನೋಡ್ಕತಾರಾ ಅಂತ ಕೇಳುದ್ರು. ಅಮ್ಮಾರು ಏಳುದ್ರು ನೋಡಿ..." ಎಂದು ಅಷ್ಟಕ್ಕೇ ನಿಲ್ಲಿಸಿ, "ನಾನ್ಯಾಕ್ ಏಳ್ಲಿ, ನೀವೇ ಕೇಳ್ಕಳಿ" ಎಂದು ಸ್ಕೂಟರು ಒದ್ದು ಹೊರಟುಹೋದ. ಮಾನ್ಯರೇ, ನೀರು ಬೆರೆತಿದೆಯೇ ಎಂದು ಊರಿನವರೆಲ್ಲರ ಹಾಲಿಗೆ ಡಿಗ್ರಿ ನೋಡಿದ ನಾನು, ನಮ್ಮ ಕೊಟ್ಟಿಗೆಯಲ್ಲಿ ಒಂದು ದಿನವೂ ಹಾಲು ಕರೆದವನಲ್ಲ. ಕಚೇರಿ ಕೆಲಸದ ಒತ್ತಡ ಅಂಥದ್ದು. ಈ ಸಣ್ಣ ವಿವರ ಜಿಲ್ಲೆಯ ಮನೆಮನೆಗೂ ಸ್ವಚ್ಛವಾದ ಡಿಜಿಟಲ್ ದನಿಯಲ್ಲಿ ತಲುಪಿದೆಯೋ ಹೇಗೆ ಎಂಬುದೇ ನನ್ನ ಆತಂಕ. ಮಗಳ ಮೊಬೈಲಿನಲ್ಲಿ ಅದು ರೆಕಾರ್ಡು ಆಗಿದೆ. ಆದರೆ ಅಪ್ಪನಿಗೆ ಕೇಳಿಸಕೂಡದೆಂದು ತಾಯಿ ಆಣೆ ಹಾಕಿಸಿಕೊಂಡಿದ್ದಾಳೆ. "ರೇಡಿಯೋದಲ್ಲಿ ಏಳಿದ್ನ ರೇಡಿಯೋದಲ್ಲೇ ಕೇಳ್ಬೇಕು" ಎಂಬುದು ಅವಳ ಕಾನೂನು.

ಬರುವ ಭಾನುವಾರ ಬೆಳಿಗ್ಗೆ ಕಾರ್ಯಕ್ರಮದ ಮರುಪ್ರಸಾರವಿದೆ. ಕಡ್ಡಿ ಹಿಡಿಯಲು ಮನುಷ್ಯರನ್ನು ಬೇಡಿ ನೋಡಿದೆ. ಒಬ್ಬರೂ ಒಪ್ಪುತ್ತಿಲ್ಲ. ಆ ಮಾತು ಕೇಳುವಾಗ ನನ್ನ ಮುಖ ಹೇಗಾಗುತ್ತದೆಂದು ನೋಡಲು ಎಲ್ಲರಿಗೂ ಕೋಣೆಯೊಳಗೇ ಇರಬೇಕಂತೆ. ಆದಕಾರಣ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಅಂದು ಬೆಳಿಗ್ಗೆ ಸಮಯಕ್ಕೆ ಸರಿಯಾಗಿ ಬಂದು, ಹಿಂದಿನ ಪೀಠದಲ್ಲೇ ಆಸೀನರಾಗಿ, ಕಾರ್ಯಕ್ರಮ ಮುಗಿಯುವವರೆಗೆ ಮೈ ಕೆರೆದುಕೊಳ್ಳದೆ, ನರ್ತಿಸದೆ, ಹೆಣ್ಣುನವಿಲುಗಳ ಕಡೆ ತಿರುಗದೆ ಇರಬೇಕು. ಬಾಲವನ್ನು ಹಾಸನದ ದಿಕ್ಕಿಗೆ ಸ್ವಲ್ಪ ಎತ್ತಿ ಹಿಡಿಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಪ್ರತಿಯಾಗಿ ಮುಂದಿನ ವರ್ಷದ ಜೋಳದಲ್ಲಿ ಒಂದು ಸಾಲು ತಮ್ಮ ಹೆಸರಿಗೆ ಬಿತ್ತುತ್ತೇನೆ, ಸೀಡಿಗಳನ್ನು ತಮ್ಮ ಮುಖದ ಎತ್ತರಕ್ಕೆ ಸರಿಯಾಗಿ ಕಟ್ಟಿಸುತ್ತೇನೆ. ಇದಾವುದೂ ಒಪ್ಪಿಗೆಯಿಲ್ಲವಾದರೆ ತಾವು ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ಮುಳುಗೇಳುವ ಪಾಳು ಚರ್ಚಿಗೆ ವರ್ಗ ಮಾಡಿಸಿಕೊಳ್ಳಬಹುದು. ಅಲ್ಲಿ ಫೋಟೋ ತೆಗೆಯುವವರಿದ್ದಾರೆ, ಆಂಟೆನಾ ಇಲ್ಲ.

ತಮ್ಮ ಪಾದಗಳ ಭಾರಕ್ಕಾಗಿ ಕಾದಿರುವ,

ತಮ್ಮ ವಿಶ್ವಾಸಿ,
ತಿಮ್ಮಪ್ಪ

ಮರೆತ ಮಾತು: ಈ ಪತ್ರವನ್ನು ಮೆಣಸಿನಕಾಯಿ ಬುಟ್ಟಿಯ ಕೆಳಗೆ ಇಡಲು ಹೋಗುವಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ಕಸಿದುಕೊಂಡು, ಕನ್ನಡಕ ಹಾಕಿಕೊಂಡು, ಪೂರ್ತಿ ಓದಿದಳು. ನಕ್ಕಳು. ಆಮೇಲೆ ನೆಲ ನೋಡುತ್ತ, "ನವ್ಲೂ ಬ್ಯಾಡ, ಗಿವ್ಲೂ ಬ್ಯಾಡ. ಭಾನುವಾರ ಬಾಗ್ಲಾಕ್ಕಂಡು ನೀವೊಬ್ರೇ ಕುಂತ್ಕಂಡು ಕೇಳಿ, ಕಡ್ಡಿ ನಾನ್ ಇಡ್ಕತೀನಿ. ಎದ್ರುಗ್ ನಿಂತು ಏಳಕ್ ಆಗಿದ್ರೆ ಇಷ್ಟ್ ವರ್ಸದಲ್ಲಿ ನಿಮಗೇ ಏಳ್ತಿರ್ಲಿಲ್ವಾ?" ಎಂದಳು. ಆದ್ದರಿಂದ ತಮ್ಮ ಹುದ್ದೆಯನ್ನು ರದ್ದುಪಡಿಸಲಾಗಿದೆ, ಮೆಣಸಿನಕಾಯಿಯನ್ನು ಸಾರಿಗೆ ಹಾಕಲಾಗಿದೆ. ಭಾನುವಾರ ತಾವು ಬರುವುದಾದರೆ ಪರಮೇಶನ ಟ್ಯಾಂಕಿನ ಮೇಲೆ ಕೂತುಕೊಳ್ಳಿ, ಅಲ್ಲಿಂದ ಆಕೆಯನ್ನು ನೋಡಿ. ಒಳಗೆ ನನ್ನ ಮುಖ ಹೇಗಾಯಿತೆಂದು ನೋಡುವ ಹಕ್ಕು ಆಕೆಗೇ ಇಲ್ಲದ ಮೇಲೆ ತಮಗಂತೂ ಖಂಡಿತ ಇಲ್ಲ.